ನುಗ್ಗೆಕಾಯಿ ಕಂಬಗಳು ಕೊನೆಗೂ ನೆಟ್ಟಗಾದವು

ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಚಾವಣಿಯ ಪುಟ್ಟ ಮಾದರಿ ಮಾಡುತ್ತಿದ್ದೇನೆ: ಬಾಗಿದ ಮೈಮೇಲೆ ಬರೆದ ಕಂಬಗಳು ಕೆಳಗೆ ಒಂದು ಜಾಗದಿಂದ ನೋಡಿದರೆ ನೆಟ್ಟಗೆ ನಿಂತಂತೆ ಕಾಣಬೇಕು. ಮೂರು ವಾರದಿಂದ ಹಿಡಿದಿದ್ದ ಶನಿ ನಿನ್ನೆ ರಾತ್ರಿ ಕರೆಂಟ್ ಹೋದಾಗ ಬಿಟ್ಟಿತು.

ಗೋಡೆ ನಿಲ್ಲಿಸಿದ್ದು, ಗೆಸ್ಸೊ (ಬಣ್ಣದ ಕೆಳಗಿನ ಬಿಳಿ ಲೇಪ) ಬಳಿದದ್ದು ಇತ್ಯಾದಿ ಬಿಡುತ್ತೇನೆ, ನೀವೂ ಮಾಡುವುದೇ. ಆದರೆ 3 ಎಂಎಂ ಸನ್‌ಬೋರ್ಡ್ (ಹಗುರ ಫೋಮ್ ಹಾಳೆ) ಕೇಳಿದರೆ 5 ಎಂಎಂ ಕಟ್ಟಿಕೊಟ್ಟು "ಗಟ್ಟಿ ಇರುತ್ತೆ, ತಗೊಳ್ಳಿ ಸಾರ್" ಎಂದ ಅಂಗಡಿಯವನಿಗೆ ಒಂದು ನಮಸ್ಕಾರ. ಗಟ್ಟಿಯೇನೋ ಇದೆ, ಬಾಗುವುದಿಲ್ಲ. ಹಿಂಬದಿಗೆ ಸೆಂಟಿಮೀಟರಿಗೊಂದು ಗೀರು ಹಾಕಿ ಬಾಗಿಸಿದೆ. ಅಂತೂ ಚಾವಣಿಗೆ 30 ಸೆಂ.ಮೀ. ಅಗಲದ ಅರ್ಧವೃತ್ತದ ಕಮಾನು ಸಿದ್ಧ. ಕಿಟಕಿಗಳು ಕೊರೆಯುವ ಜಾಗ ಕೈಬಿಟ್ಟಿದ್ದೇನೆ, ಬೈಯಬೇಡಿ.

ಆ ಚಾವಣಿ ಬರೆದ ಆಂದ್ರೆಯಾ ಪೊಜ್ಜೊ 1693ರಲ್ಲಿ ತಂದ ಪರ್ಸ್ಪೆಕ್ಟಿವ್ (ಚಿತ್ರದಲ್ಲಿ ದೂರ, ಆಳ ಕಾಣಿಸುವ ವಿಧಾನ) ಪುಸ್ತಕದಲ್ಲಿ ಅದರದ್ದೇ ತಾಮ್ರದ ಅಚ್ಚುಗಳಿವೆ. ಬಹುತೇಕ ಕಟ್ಟಡವೇ: ಕಂಬ, ಕಮಾನು, ಕಟಾಂಜನ. ಅದನ್ನೇ ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ ಅಂಟಿಸಿದೆ. ಕಂಬಗಳೆಲ್ಲ ಸಾರಿನಲ್ಲಿ ಬೆಂದ ನುಗ್ಗೆಕಾಯಿ! ಚಪ್ಪಟೆ ಚಿತ್ರ ಬಾಗಿದ ಮೈಗೆ ಕೂರುವುದಿಲ್ಲವೆಂದು ಗೊತ್ತಿದ್ದೂ ಮಾಡಿದ ತಪ್ಪು.

ಪೊಜ್ಜೊ ಉಪಾಯವನ್ನೂ ಅಲ್ಲೇ ಕೊಟ್ಟಿದ್ದಾನೆ. ಕಮಾನು ಶುರುವಾಗುವ ಮಟ್ಟದಲ್ಲಿ ದಾರದ ಚೌಕುಳಿ ಜಾಲ ಬಿಗಿ. ಕೆಳಗೆ ನೋಡುವವರ ಕಣ್ಣಿರುವ ಬಿಂದುವಿನಲ್ಲಿ ದೀಪ ಇಡು, ಇಲ್ಲವೇ ಅಲ್ಲಿಂದ ದಾರ ಎಳೆ. ಮೇಲೆ ಬಿದ್ದ ಸೊಟ್ಟ ಚೌಕಗಳಿಗೆ ನಕ್ಷೆಯ ನೆಟ್ಟ ಚೌಕಗಳನ್ನು ಇಳಿಸು. ಓದಲು ಎಷ್ಟು ಚೆನ್ನ!

ಟಾರ್ಚ್ ಹಚ್ಚಿದೆ. ನೆರಳಿಲ್ಲ, ಕೊಳೆ ಮೆತ್ತಿದಂತೆ ಮಸುಕು. ದಾರ ಸಪೂರವಾಯಿತೆಂದು ಆನ್‌ಲೈನಿನಲ್ಲಿ "ಕಪ್ಪು" ನೈಲಾನ್ ತರಿಸಿದೆ, ಬಂದದ್ದು ಗಾಜಿನಂತೆ ಪಾರದರ್ಶಕ. ಮತ್ತೆ ಹೊಲಿಗೆ ದಾರ, ಎರಡೆಳೆ. ಮತ್ತೆ ಕೊಳೆ.

ಕರೆಂಟ್ ಹೋದಾಗ ಮೊಬೈಲಿನ ಲೈಟ್ ಹಾಕಿ ಕತ್ತರಿ ಹುಡುಕುತ್ತಿದ್ದೆ. ಫೋನ್ ಮಾದರಿಯ ಒಳಗೆ ಮಲಗಿಸಿದ್ದೇ ತಡ, ಇಡೀ ಜಾಲ ಕಮಾನಿನ ಮೇಲೆ ಮಸಿಯಲ್ಲಿ ಗೆರೆ ಎಳೆದಂತೆ ಮೂಡಿತು. ದಾರದ ತಪ್ಪಲ್ಲ, ದೀಪದ ಗಾತ್ರದ್ದು! ದೀಪದಿಂದ ದಾರಕ್ಕೆ 30 ಸೆಂ.ಮೀ., ದಾರದಿಂದ ಕಮಾನಿನ ನೆತ್ತಿಗೆ 15. ಅಂದರೆ ದೀಪದ ಅಗಲದ ಅರ್ಧದಷ್ಟು ಮಸುಕು. ಟಾರ್ಚಿನ ಬಾಯಿ 30 ಎಂಎಂ, ಮಸುಕು 15. ಮೊಬೈಲಿನ ಎಲ್‌ಇಡಿ ಮೂರು ಎಂಎಂ ಕೂಡ ಇಲ್ಲ. ಮೇಲೊಂದು ಫಾಯಿಲ್ ಸುತ್ತಿ ಗುಂಡುಸೂಜಿಯಲ್ಲಿ ತೂತು ಮಾಡಿದರೆ ಇನ್ನೂ ಚೂಪು.

ಬೆಳಗಿನ ಹೊತ್ತಿಗೆ ನಾಲ್ಕು ಕಂಬ ಇಳಿಸಿದ್ದೆ. ಅಮ್ಮ ಪಕ್ಕದಿಂದ ಬಗ್ಗಿ, "ಎಲ್ಲ ಬಿದ್ದು ಹೋಗ್ತಿದೆಯಲ್ಲೋ" ಎಂದರು. ಫೋನ್ ತೆಗೆದು, ದೀಪವಿದ್ದ ಬಿಂದುವಿಗೆ ಕಣ್ಣಿಟ್ಟು ನೋಡಿಸಿದೆ. "ಈಗ ನಿಂತ್ವು. ಆದ್ರೆ ಒಬ್ಬರೇ ನೋಡ್ಬೇಕಾ?" ರೋಮಿನಲ್ಲೂ ಅಷ್ಟೇ ಅಮ್ಮ, ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲೇ ಅಮೃತಶಿಲೆಯ ಬಿಲ್ಲೆ ಕೂರಿಸಿದ್ದಾರೆ.

ಇನ್ನು ಉಳಿದದ್ದು ಜನ. ಕ್ರಿಸ್ತನಿಂದ ಹೊರಟ ಬೆಳಕು ಇಗ್ನೇಷಿಯಸನ ಎದೆಗೆ ತಾಗಿ, ಅಲ್ಲಿಂದ ನಾಲ್ಕು ಖಂಡಗಳಿಗೆ ಹಂಚಿಹೋಗಬೇಕು. ಖಂಡಗಳೆಲ್ಲ ಹೆಂಗಸರು: ಯೂರೋಪ್ ಕಿರೀಟ ತೊಟ್ಟು ಕುದುರೆಯ ಮೇಲೆ, ಅಮೆರಿಕ ಗರಿ ಮುಡಿದು, ಆಫ್ರಿಕಾ ದಂತ ಹಿಡಿದು ಮೊಸಳೆಯ ಮೇಲೆ, ಏಷ್ಯಾ ಒಂಟೆಯ ಮೇಲೆ. ಇಷ್ಟು ದೊಡ್ಡ ಏಷ್ಯಾಕ್ಕೆ ಒಂಟೆಯೊಂದೇ ಗತಿಯೇ ಎಂಬುದು ನನ್ನ ತಕರಾರು.

ಇದು ಮುಗಿಯುವ ಮೊದಲೇ ಮುಂದಿನದರ ಹುಚ್ಚು ಹತ್ತಿದೆ: ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್. 1900ರ ಸುಮಾರಿಗೆ ಅದನ್ನು ಬರೆದ ಆಂತೋನಿಯೊ ಮೊಸ್ಕೇನಿ ಪೊಜ್ಜೊನಂತೆಯೇ ಜೆಸ್ವಿಟ್ (ಇಗ್ನೇಷಿಯಸ್ ಕಟ್ಟಿದ ಕ್ರೈಸ್ತ ಸನ್ಯಾಸಿ ಸಂಘದ) ಬ್ರದರ್. ರೋಮಿನ ಈ ಚರ್ಚಿನಲ್ಲಿ ಅದೇ ಅಲೋಶಿಯಸನ ಬಲಿಪೀಠದ ವಿನ್ಯಾಸ ಪೊಜ್ಜೊನದು. ಎರಡು ಮಾದರಿ ಅಕ್ಕಪಕ್ಕ ಇಡಬೇಕೆಂದರೆ ಮೇಜು ದೊಡ್ಡದು ಬೇಕು, ಆ ಮಾತು ಮನೆಯಲ್ಲಿ ಇನ್ನೂ ಎತ್ತಿಲ್ಲ.

ಸದ್ಯಕ್ಕೆ ಒಂಟೆ. ಅದರ ಕುತ್ತಿಗೆ ಮೂರು ಸೊಟ್ಟ ಚೌಕಗಳಲ್ಲಿ ಹಾದುಹೋಗುತ್ತದೆ. ಪೆನ್ಸಿಲಿನಲ್ಲಿ ಎರಡು ಸಲ ಹಾಕಿದೆ, ಎರಡು ಸಲವೂ ಹೆಬ್ಬಾತು ಬಂತು.