ಅಮಾ-ಲೇ ಅಂದ್ರ ಬೈಗುಳ ಅಲ್ಲೋ ಕಾಕಾ

ಲಡಾಖದಾಗ ಯಾರನ್ನ ಮಾತಾಡಿಸಿದ್ರೂ ಹೆಸರಿನ ಬೆನ್ನಿಗೆ ಒಂದು ‘ಲೇ’ ಹಚ್ಚಬೇಕು. ಅಲ್ಲಿ ಅದು ಮರ್ಯಾದಿ, ನಮ್ಮ ‘ರೀ’ ಇದ್ದಂಗ. ವಯಸ್ಸಾದ ಹೆಣ್ಮಗಳಿಗೆ ಅಮಾ-ಲೇ, ಅಣ್ಣನಂಥವರಿಗೆ ಆಚೋ-ಲೇ, ನಮಸ್ಕಾರಕ್ಕ ಜೂಲೇ. ಇದನ್ನ ನಮ್ಮ ಕಾಕಾಗ ಮೂರು ದಿವಸ ತಿಳಿಸಿ ಹೇಳಿದೆ, ಆದ್ರೂ ಒಪ್ಪಲಿಲ್ಲ. “ಎಪ್ಪತ್ತು ವರ್ಷದ ಮುದುಕಿಗೆ ಲೇ ಅಂತೀಯೇನಲೇ, ಊರಾಗ ಹಿಂಗ ಅಂದಿದ್ರ ಹಲ್ಲು ಉದುರ್ತಿದ್ವು” ಅಂದ. ಕೊನಿತನಕ ನಾವು ಇಳಕೊಂಡಿದ್ದ ಮನಿ ಮುದುಕಿಗೆ ‘ಅಮ್ಮಾರ’ ಅಂತನ ಕರದ, ಆಕಿನೂ ಅದಕ್ಕ ಓಗೊಟ್ಲು.

ಕಾಕಾ ಬರೋದು ಪ್ಲಾನ್‌ನಾಗ ಇರ್ಲಿಲ್ಲ. ಹಿಮ ಚಿರತಿ ನೋಡಬೇಕು, ಫೋಟೋ ತಗೀಬೇಕು ಅಂತ ನಾಲ್ಕು ವರ್ಷದಿಂದ ರೊಕ್ಕ ಕೂಡಿಸಿಟ್ಟಿದ್ದೆ, ಧಾರವಾಡದ ದೋಸ್ತ ಒಬ್ಬಂವ ಜೋಡಿ ಬರ್ತೇನಿ ಅಂದಿದ್ದ, ಇನ್ನೇನು ಟಿಕೆಟ್ ಮಾಡಿಸಬೇಕು ಅನ್ನೂದ್ರಾಗ ಮಗಳ ಪರೀಕ್ಷಿ ಅಂತ ಕೈ ಎತ್ತಿದ. ಅದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಮುಂಡರಗಿ ತಾಲೂಕಿನಾಗ, ಕಪ್ಪತಗುಡ್ಡದ ಬುಡಕ್ಕ. ಕಾಕಾ ಹುಟ್ಟಿದಾಗಿಂದ ಕುರಿ ಬೆನ್ನು ಹತ್ತಿದಂವ, ಈಗ 62, ಮೊಣಕಾಲು ನೋವು ಅಂತ ಕುರಿ ಮಗನ ಕೈಗೆ ಕೊಟ್ಟು ಕಟ್ಟಿಮ್ಯಾಲೆ ಕುಂತಿರ್ತಾನ. ನಾ ಫೋನಿನ್ಯಾಗ ಲಡಾಖದ ವಿಡಿಯೋ ತೋರಿಸಿದ್ರ ಚಿರತಿ ಕಡೆ ಅಂವ ನೋಡಲೇ ಇಲ್ಲ. “ಅಷ್ಟು ಬರ್ಫದಾಗ ಕುರಿ ಏನು ತಿಂತಾವಲೇ” ಅಂದ. ಮರುದಿನ ಮುಂಜಾನೆ ಚಾ ಕುಡಿಯೋವಾಗ, “ನಾನೂ ಬರ್ತೇನಿ ನಡಿ” ಅಂದ.

ಹುಬ್ಬಳ್ಳ್ಯಾಗ ಡಾಕ್ಟರ್ ಕಡೆ ಎದಿ, ಬಿಪಿ ಎಲ್ಲಾ ತೋರಿಸಿದ್ವಿ, ಪಾಸ್ ಆದ. ಫೆಬ್ರವರಿ ಮೊದಲ ವಾರ ಹೊಂಟ್ವಿ. ಹುಬ್ಬಳ್ಳಿ, ದಿಲ್ಲಿ, ಲೇಹ್. ಸುಮಾರು 3500 ಮೀಟರ್ ಎತ್ತರದ ಊರು ಅದು, ಇಳಿದ ಮ್ಯಾಲೆ ಎರಡು ದಿವಸ ಸುಮ್ನ ಮಕ್ಕೋಬೇಕು ಅಂತ ಎಲ್ಲಾರೂ ಹೇಳ್ತಾರ, ಹಂಗ ಮಾಡ್ರಿ, ಅವಸರ ಮಾಡಬ್ಯಾಡ್ರಿ. ತಲಿ ಸಿಡದು ವಾಂತಿ ಮಾಡಿಕೊಂಡಿದ್ದು ವಾರಕ್ಕ ಮೂರು ದಿವಸ ಜಿಮ್‌ಗೆ ಹೋಗೋ ನಾನು. ಕಾಕಾ ಕಿಡಕ್ಯಾಗ ಕುಂತು ಕಟಕ ರೊಟ್ಟಿ, ಶೇಂಗಾ ಚಟ್ನಿ ತಿನ್ಕೋತ ಎದುರಿನ ಗುಡ್ಡ ನೋಡ್ತಿದ್ದ. ರೊಟ್ಟಿ ಮಾತ್ರ ಕಟಕ್ ಇರ್ಲಿ, ಆ ಥಂಡಿಯೊಳಗ ಹದಿನೈದು ದಿವಸ ಏನೂ ಆಗಂಗಿಲ್ಲ.

ಸಿಟ್ಟಿನ್ನೂ ಹೋಗಿಲ್ಲ, ಅದನ್ನ ಇಲ್ಲೇ ಹೇಳಿಬಿಡ್ತೇನಿ. ಒಂದು, ನಮ್ಮ ಕಡೆ ಪ್ರಿಪೇಯ್ಡ್ ಸಿಮ್ ಲಡಾಖದಾಗ ನಡ್ಯಂಗಿಲ್ಲ, ಪೋಸ್ಟ್‌ಪೇಯ್ಡ್ ಬೇಕು, ಇದನ್ನ ಟೂರ್ ಏಜೆಂಟ್ ಒಂದು ಮಾತು ಹೇಳಲಿಲ್ಲ, ಕಾಕೂ ಎರಡು ದಿವಸ ನಮ್ಮ ಫೋನ್ ಹತ್ತದ ಗಾಬರಿ ಆಗಿ ಓಣಿ ಮಂದಿನ್ನೆಲ್ಲಾ ಕೂಡಿಸಿದ್ಲು. ಎರಡು, ಹುಬ್ಬಳ್ಳ್ಯಾಗ ಆರು ಸಾವಿರ ಕೊಟ್ಟು ತಗೊಂಡ ಜಾಕೆಟ್, ‘ಮೈನಸ್ ಇಪ್ಪತ್ತಕ್ಕೂ ನಡೀತೈತ್ರಿ ಸರ್’ ಅಂದಿದ್ದ ಅಂಗಡ್ಯಾಂವ, ಮೈನಸ್ ಹತ್ತಕ್ಕ ಅದರ ಜಿಪ್ ಮೊದಲು ಸತ್ತಿತು, ಆಮ್ಯಾಲೆ ನಾನು. ಮೂರು, ಕ್ಯಾಮೆರಾ ಬ್ಯಾಟರಿ ಥಂಡಿಗೆ ತಾಸಿನ್ಯಾಗ ಖಾಲಿ ಆಗ್ತಾವು, ರಾತ್ರಿ ಹಾಸಿಗ್ಯಾಗ ಮಗ್ಗಲಕ್ಕ ಇಟ್ಕೊಂಡು ಮಕ್ಕೋರಿ, ಹಗಲು ಅಂಗಿ ಒಳಗ. ನಾಲ್ಕನೇದು ಆಮ್ಯಾಲೆ ಹೇಳ್ತೇನಿ, ಅದು ದೊಡ್ಡದು.

ಹೆಮಿಸ್ ರಾಷ್ಟ್ರೀಯ ಉದ್ಯಾನ 1981ರಾಗ ಆಗಿದ್ದು, ಈಗ 4400 ಚದರ ಕಿಲೋಮೀಟರ್ ಐತಿ. ನಮ್ಮ ಕಪ್ಪತಗುಡ್ಡ ವನ್ಯಧಾಮ 2019ರಾಗ ಆದಾಗ 244, ಅಂದ್ರ ಅದರೊಳಗ ಇಂಥಾವು ಹದಿನೆಂಟು ಹಿಡೀತಾವು. ಆದ್ರ ಉದ್ಯಾನ ಅಂತ ಹೇಳಿ ಗಿಡಮರ ನೆನಸ್ಕೊಂಡು ಹೋಗಬ್ಯಾಡ್ರಿ, ಗಿಡ ಅನ್ನೋವು ಹಳ್ಳದ ದಂಡಿಗೆ ನಾಲ್ಕು ಕಾಣ್ತಾವು, ಉಳಿದಿದ್ದೆಲ್ಲಾ ಕಂದು, ಬೂದಿ, ನೇರಳಿ ಬಣ್ಣದ ಕಲ್ಲು, ಮ್ಯಾಲೆ ಬರ್ಫ. ಝಿಂಗ್ಚೆನ್ ತನಕ ಗಾಡಿ, ಅಲ್ಲಿಂದ ಹೆಪ್ಪುಗಟ್ಟಿದ ಹಳ್ಳದ ಗುಂಟ ರುಂಬಕ್‌ಗೆ ನಡದು ಹೋದ್ವಿ. ಹತ್ತರ ಆಸುಪಾಸು ಮನಿ ಇರೋ ಊರು, 3900 ಮೀಟರ್ ಹತ್ತಿರ ಹತ್ತಿರ. ಹೋಟೆಲ್ ಇಲ್ಲ, ಮನ್ಯಾಗ ಇರಬೇಕು.

ಹಾದಿಯೊಳಗ ಗೈಡ್ ಹುಡುಗ “ಭರಲ್, ಭರಲ್” ಅಂತ ಕೈ ಮಾಡಿದ. ನನಗ ಬರೇ ಕಲ್ಲು ಕಾಣ್ತಿದ್ವು. ದುರ್ಬೀನು ಹಚ್ಚಿದ್ರೂ ಕಲ್ಲು. ಕಾಕಾ ಬರಿಗಣ್ಣಿಲೆ ಎಣಿಸಿದ, “ಹತ್ತೊಂಬತ್ತು. ಹೋತ ಮೂರು. ಅಲ್ನೋಡು ಒಂದು ಕುಂಟ್ತೈತಿ.” ಗೈಡ್ ಸ್ಕೋಪ್, ಅಂದ್ರ ದೊಡ್ಡ ದುರ್ಬೀನು, ಹಚ್ಚಿ ನೋಡಿದ, ಹತ್ತೊಂಬತ್ತ. ಅಲ್ಲಿಂದ ಮುಂದ ಆ ಹುಡುಗ ನನ್ನ ಬಿಟ್ಟು ಕಾಕಾನ ಮಗ್ಗಲಕ್ಕನ ನಡ್ಯಾಕ ಹತ್ತಿದ. ಇಂಗ್ಲಿಷ್‌ನ್ಯಾಗ ಇದಕ್ಕ ‘ಬ್ಲೂ ಶೀಪ್’ ಅಂತಾರ ಕಾಕಾ, ನೀಲಿ ಕುರಿ, ಅಂದೆ. ಅಂವ ಎರಡು ನಿಮಿಷ ಸ್ಕೋಪಿನ್ಯಾಗ ನೋಡಿ, “ಯಾವಾಂವ ಅಂದಂವ? ಬಾಲ ನೋಡು, ಅಗದೀ ಆಡಿಂದು. ಗಡ್ಡ ಇಲ್ಲ ಅಷ್ಟ” ಅಂದ. ಜಾರ್ಜ್ ಶಾಲರ್ ಅನ್ನೋ ಪ್ರಾಣಿಶಾಸ್ತ್ರಜ್ಞ 1973ರಾಗ ಇದ ಪ್ರಾಣಿ ಸಲುವಾಗಿ ನೇಪಾಳದ ಗುಡ್ಡಕ್ಕ ಹೋಗಿ, ಇದು ಕುರಿ ಹೋಲಿಕಿ ಇರೋ ಆಡಿನ ಜಾತಿ ಅಂತ ಹೇಳಿದ್ದ.

ಹಿಮ ಚಿರತಿಗೆ ಮುಖ್ಯ ಊಟ ಈ ಭರಲ್. ಚಳಿಗಾಲಕ್ಕ ಇವು ಕೆಳಗ ಇಳೀತಾವು, ಬೆನ್ನ ಹಿಂದ ಅದೂ ಇಳೀತೈತಿ, ಮ್ಯಾಲೆ ಅದಕ್ಕ ಜೋಡಿ ಹುಡುಕೋ ಟೈಮೂ ಇದ, ಅದಕ್ಕ ಮಂದಿ ಇಂಥಾ ಹಾಳು ಥಂಡಿಯೊಳಗ ಹೋಗೋದು. ದೇಶದಾಗ 718 ಅದಾವು, ಅದರಾಗ 477 ಲಡಾಖದಾಗ ಅಂತ 2024ರ ಜನವರಿಯೊಳಗ ಸರ್ಕಾರ ಲೆಕ್ಕ ಕೊಟ್ಟೈತಿ.

ಈಗ ನಾಲ್ಕನೇದು. ‘ಇಬ್ಬರಿಗೆ ಒಂದು ಸ್ಕೋಪ್’ ಅಂತ ಫೋನಿನ್ಯಾಗ ಹೇಳಿದ್ದ ಏಜೆಂಟ್. ಅಲ್ಲಿ ಹೋದ್ರ ಎಂಟು ಮಂದಿಗೆ ಒಂದು. ಮೂರನೇ ದಿವಸ ಮುಂಜಾನೆ ಹುಸಿಂಗ್ ಕಣಿವಿ ಕಡೆ ಗೈಡ್ ಒಮ್ಮೆಲೆ ಕೆಳಗ ಕುಂತು “ಶಾನ್” ಅಂದ, ಹಿಮ ಚಿರತಿಗೆ ಅವರು ಹಂಗ ಅಂತಾರ. ಎದುರಿನ ಏರಿಮ್ಯಾಲೆ, ಕಿಲೋಮೀಟರ್ ದೂರ ಇದ್ದೀತು. ಎಲ್ಲಾರೂ ಪಾಳಿ ನಿಂತ್ವಿ. ಹಿರ್ಯಾರು ಅಂತ ಕಾಕಾಗ ಮೊದಲು ಬಿಟ್ರು. ಅಂವ ಸ್ಕೋಪಿಗೆ ಕಣ್ಣು ಹಚ್ಚಿದಂವ ತಗೀಲೇ ಇಲ್ಲ. “ಬೆಕ್ಕಿನಂಗ ಸುತ್ಕೊಂಡು ಮಕ್ಕೊಂಡೈತಿ... ಬಾಲ ಮಾರಿಮ್ಯಾಲೆ ಹೊದಕೊಂಡೈತಿ ನೋಡಲೇ, ಕಂಬಳಿ ಹೊದ್ದಂಗ... ಎದ್ದಿತು... ಆಕಳಿಸ್ತು...” ಪುಣೆದವರು ಇಬ್ಬರು ನೋಡಿದ್ರು, ಬೆಂಗಳೂರಿನ ಒಬ್ಬಾಕಿ ನೋಡಿದ್ಲು, ನನ್ನ ಪಾಳಿ ಬಂದಾಗ ಕಲ್ಲಿತ್ತು. ಬರೇ ಕಲ್ಲು. ಏರಿ ದಾಟಿ ಹೋಗಿತ್ತು. ನಾಲ್ಕು ವರ್ಷದ ಉಳಿತಾಯ. ಬುಕ್ ಮಾಡೋವಾಗ ಎಷ್ಟು ಸ್ಕೋಪ್ ಕೊಡ್ತೀರಿ ಅಂತ ಬರಹದಾಗ ತಗೋರಿ, ಫೋನಿನ ಮಾತು ನಂಬಬ್ಯಾಡ್ರಿ.

ಅವತ್ತಿನ ರಾತ್ರಿ ಬಗ್ಗೆ ಬರೀಬೇಕು ಅಂತನ ಇದನ್ನೆಲ್ಲಾ ಶುರು ಮಾಡಿದ್ದು.

ಅಡಗಿ ಮನಿ ನಟ್ಟನಡುವ ಒಲಿ, ಸೆಗಣಿ ಕುಳ್ಳು ಹಾಕಿದ್ರು, ಗ್ವಾಡಿ ತುಂಬ ತಾಮ್ರ ಹಿತ್ತಾಳಿ ಭಾಂಡಿ, ಬೆಳಗಿಟ್ಟಿದ್ದು ನೋಡಿದ್ರ ನಮ್ಮವ್ವನ ನೆನಪು ಆತು. ಉಪ್ಪು ಬೆಣ್ಣಿ ಹಾಕಿದ ಚಾ ಕೊಟ್ರು, ನನಗ ಒಂದು ಗುಟುಕು ಇಳೀಲಿಲ್ಲ, ಕಾಕಾ ಅದಕ್ಕ ಬಾರ್ಲಿ ಹಿಟ್ಟು ಕಲಸ್ಕೊಂಡು “ಇದು ಅಂಬಲಿನಲೇ” ಅಂತ ಎರಡು ಬಟ್ಟಲ ಮುಗಿಸಿದ. ಅಮಾ-ಲೇ ಕಾಕಾನ ಹೆಗಲಮ್ಯಾಲಿನ ಕಂಬಳಿ ಮುಟ್ಟಿ ನೋಡಿದ್ಲು, ಅಂಚು ತಿರುವಿ ನೋಡಿದ್ಲು, ನೂಲು ಎಳದು ನೋಡಿದ್ಲು. ಅಂಗಡಿಯೊಳಗ ಗಿರಾಕಿ ನೋಡಿದಂಗಲ್ಲ, ನೇಯೋದು ಬಲ್ಲವರು ನೋಡಿದಂಗ. ಇದು ಯಾಕ ಇಷ್ಟು ಬಿರುಸು ಅಂತ ಕೇಳಿದ್ಲು. ಹುಣಸಿ ಬೀಜದ ಗಂಜಿ ಕುಡಿಸ್ತೇವಿ ಅಂತ ಹೇಳಬೇಕು, ಹುಣಸಿ ಅಂದ್ರ ಏನಂತ ಅಲ್ಲಿ ಹೆಂಗ ಹೇಳ್ಲಿ? ಕಾಕಾ ಕನ್ನಡ, ನಾ ಹಿಂದಿ, ಗೈಡ್ ಲಡಾಖಿ, ಹೋಗೋವಾಗ ಮೂರು ಮಂದಿ, ಬರೋವಾಗ ಮೂರು ಮಂದಿ. ಅರ್ಧ ತಾಸು ಹುಣಸಿಗೇ ಹೋತು.

ನಮ್ಮ ಕಡೆ ರೈತರು ಗೊಬ್ಬರಕ್ಕಂತ ರಾತ್ರಿ ಹೊಲದಾಗ ಕುರಿ ತರುಬಿಸಿಕೊಂಡು, ಅದಕ್ಕ ಕುರಿಯವರಿಗೆ ರೊಕ್ಕನೋ ಕಾಳೋ ಕೊಡ್ತಾರ ಅಂದಾಗ ಆಕಿ ನಂಬಲಿಲ್ಲ. ಹಿಕ್ಕಿಗೆ ರೊಕ್ಕ? ಗೈಡ್‌ಗೆ ಎರಡು ಸಲ ಕೇಳಿದ್ಲು. ರಾತ್ರಿ ಸುತ್ತೂಕಡೆ ಬಲೆ ಕಟ್ತೇವಿ, ನಾಯಿ ಇರ್ತಾವು, ಆದ್ರೂ ತ್ವಾಳ ಬರ್ತೈತಿ ಅಂದ ಕಾಕಾ. ಆಗ ಆಕಿ ತಮ್ಮ ದೊಡ್ಡಿ ಕಥಿ ತಗದ್ಲು.

ಕಲ್ಲಿನ ದೊಡ್ಡಿ, ಮ್ಯಾಲೆ ಹೊಗಿ ಹೋಗಾಕ ಬಿಟ್ಟಂಗ ಒಂದು ಕಿಂಡಿ. ಒಂದು ಚಳಿಗಾಲ ಶಾನ್ ಅದರೊಳಗಿಂದ ಜಿಗದಿತ್ತು. ಹಸದಿದ್ದು ಒಂದಕ್ಕ, ಆದ್ರ ಒಳಗ ಕುರಿ ದಿಕ್ಕೆಟ್ಟು ಓಡಾಡಿದ್ರ ಅದು ಕೊಲ್ಲೋದು ನಿಲ್ಲಸಂಗಿಲ್ಲಂತ. ಹನ್ನೊಂದು. ಮುಂಜಾನೆ ಬಾಗಿಲಾ ತಗದ್ರ ಅದು ಇನ್ನೂ ಒಳಗ, ಮೂಲ್ಯಾಗ ಕುಂತೈತಿ, ಮ್ಯಾಲೆ ಹಾರಾಕ ಆಗಿಲ್ಲ. ಊರವರು ಕಲ್ಲು ಹಿಡಕೊಂಡು ನಿಂತಿದ್ರು. ಆಕಿ ಗಂಡ ಬಾಗಿಲದಿಂದ ಸರದು ನಿಂತ. ಅದು ಹೋತು.

“ಬಿಟ್ರ?” ಅಂದ ಕಾಕಾ. ಇದಕ್ಕ ಯಾರೂ ತರ್ಜುಮೆ ಮಾಡಬೇಕಾಗಿರ್ಲಿಲ್ಲ, ಆಕಿ ತಲಿ ಹಾಕಿದ್ಲು.

ಆಮ್ಯಾಲೆ ಹಿಮ ಚಿರತಿ ಉಳಸೋ ಸಂಸ್ಥೆಯವರು ದೊಡ್ಡಿಮ್ಯಾಲೆ ತಂತಿ ಜಾಳಿಗಿ ಹಾಕಿಕೊಟ್ರು, ಬಾಗಿಲಾ ಬಿಗಿ ಮಾಡಿದ್ರು. 2002ರ ಸುಮಾರು ಹೋಂಸ್ಟೇ ಶುರು ಆದ್ವು, ಮನಿ ಮನಿಗೆ ಪಾಳಿ ಹಚ್ಚಿ ಅತಿಥಿ ಕಳಸ್ತಾರ, ಒಬ್ಬರಿಗೇ ಲಾಭ ಆಗಬಾರದಂತ. ಈಗ ಶಾನ್ ಬಂದ್ರ ನಿಮ್ಮಂಥವರು ಬರ್ತೀರಿ ಅಂತ ಹೇಳಿ ನಕ್ಕಳು. “ನಮ್ಮ ಕಪ್ಪತಗುಡ್ಡಕ್ಕ ತ್ವಾಳ ನೋಡಾಕ ಯಾವಾಂವ ಬರ್ತಾನ” ಅಂದ ಕಾಕಾ, “ಬಂದವರೆಲ್ಲಾ ಗಾಳಿ ಫ್ಯಾನ್ ಮುಂದ ಸೆಲ್ಫಿ ಹೊಡಕೊಂಡು ಹೋಗ್ತಾರ.”

ಆಮ್ಯಾಲೆ ಭಾಳ ಹೊತ್ತು ಸುಮ್ನ ಕುಂತ. ಒಲಿ ನೋಡ್ಕೋತ ನನಗಷ್ಟ ಕೇಳುವಂಗ ಹೇಳಿದ, “ಹದಿನಾಲ್ಕು ವರ್ಷದಂವ ಇದ್ದೆ. ತ್ವಾಳ ಮೂರು ಮರಿ ಒಯ್ದಿತ್ತು. ಅಪ್ಪ ಗವಿ ಹುಡುಕಿದ. ಬಾಯಿಗೆ ಕಂಟಿ ಒಟ್ಟಿ ಬೆಂಕಿ ಹಚ್ಚಿದವ ನಾನ. ಒಳಗ ಮರಿ ಇದ್ವು. ಇದನ್ನ ಹೇಳಬ್ಯಾಡ ಆಕಿಗೆ.”

ನಾ ಹೇಳಲಿಲ್ಲ. ನನಗ ಈ ಮಾತು ಗೊತ್ತ ಇರ್ಲಿಲ್ಲ, ಮನ್ಯಾಗ ಯಾರೂ ಹೇಳಿದ್ದಿಲ್ಲ. ಆದ್ರ ಅಮಾ-ಲೇ ಅವನ ಮಾರಿ ನೋಡಿ ಏನಂದ ಅಂತ ಗೈಡ್‌ಗೆ ಕೇಳಿದ್ಲು, ಗೈಡ್ ನನ್ನ ನೋಡಿದ, ನಾ ಕಾಕಾನ್ನ ನೋಡಿದೆ. “ಹೇಳ್ಹೇಳು” ಅಂದ.

ಕೇಳಿ ಆಕಿ ಎಷ್ಟು ಮರಿ ಅಂದ್ಲು. ನಾಲ್ಕು, ಅಂದ ಕಾಕಾ. ಆಮ್ಯಾಲೆ ಆಕಿ ತನ್ನದು ಹೇಳಿದ್ಲು. ಲಡಾಖದಾಗ ಹಿಂದ ತ್ವಾಳಕ್ಕ ಶಾಂಗ್‌ದೊಂಗ್ ಅಂತ ಕಲ್ಲಿನ ಕುಣಿ ಕಟ್ತಿದ್ರು, ಗ್ವಾಡಿ ಮ್ಯಾಲೆ ಮ್ಯಾಲೆ ಒಳಗ ಬಾಗಿರ್ತೈತಿ, ಕೆಳಗ ಒಂದು ಆಡು ಕಟ್ಟಿ ಬಿಟ್ರ ತ್ವಾಳ ಜಿಗೀತೈತಿ, ಮ್ಯಾಲೆ ಬರಾಕ ಬರಂಗಿಲ್ಲ. ಆಮ್ಯಾಲೆ ಊರವರು ಕಲ್ಲು ಒಗದು ಕೊಲ್ಲೂದು. ಸಣ್ಣಾಕಿದ್ದಾಗ ತಾನೂ ಒಗದೇನಿ ಅಂದ್ಲು. ಎರಡು ಸಲ. ಬೆರಳು ಎತ್ತಿ ತೋರಿಸಿದ್ಲು.

ಇಬ್ಬರೂ ಅದರ ಮ್ಯಾಲೆ ಮತ್ತೇನೂ ಹೇಳಲಿಲ್ಲ. ಆಕಿ ಚಾ ಹಾಕಿದ್ಲು, ಇಂವ ಕುಡದ, ಮಾತು ತಿರುಗಿ ಉಣ್ಣೆಗೆ ಬಂತು, ವರ್ಷಕ್ಕ ಎಷ್ಟು ಸಲ ಕತ್ತರಸ್ತೀರಿ, ಕಾಲು ಬ್ಯಾನಿ ಬಂದ್ರ ಏನ್ ಹಚ್ತೀರಿ. ನಾ ತರ್ಜುಮೆ ಮಾಡಿ ಮಾಡಿ ಅಲ್ಲೇ ನಿದ್ದಿ ಹತ್ತಿ ಬಿದ್ದೆ, ಎಚ್ಚರಾದಾಗ ಗೈಡೂ ಮಕ್ಕೊಂಡಿದ್ದ, ಅವರಿಬ್ಬರೂ ಇನ್ನೂ ಮಾತಾಡ್ತಿದ್ರು. ಆಕಿ ಲಡಾಖಿ, ಇಂವ ಕನ್ನಡ.

ಉಳಿದ ಎರಡು ದಿವಸ ಏನಾತು ಅಂತ ಬರ್ಯಾಕ ಹೆಚ್ಚೇನಿಲ್ಲ. ಎಲುವು ಮ್ಯಾಲಿಂದ ಬಂಡೆಗಲ್ಲಿಗೆ ಒಗದು ಒಡದು ತಿನ್ನೋ ದೊಡ್ಡ ಗಡ್ಡದ ಹದ್ದು ಕಂಡಿತು, ಫೋಟೋ ಒಂದು ಚಲೋ ಬಂತು. ಹಿಮ ಚಿರತಿ ಮತ್ತ ಬರಲಿಲ್ಲ.

ಹೊಂಡೋ ದಿವಸ ಅಮಾ-ಲೇ ಕಂಬಳಿಗೆ ಎಷ್ಟು ರೊಕ್ಕ ಅಂತ ಕೇಳಿದ್ಲು. ಕಾಕಾ ಸುಮ್ನ ಕೊಟ್ಟು ಬರ್ತಾನ ಅಂತ ನಾ ಅನ್ಕೊಂಡಿದ್ದೆ, ಅಂವ ಬಿಗಿಯಾಗಿ ಹೊದಕೊಂಡು, “ಇದನ್ನ ಕೊಟ್ರ ದಿಲ್ಲಿತನಕ ನಾ ಏನು ಹೊದಕೊಳ್ಲಿ, ಹೊಸಾದು ಕಳಸ್ತೇನಿ ಅಂತ ಹೇಳು” ಅಂದ. ಬಂದು ವಾರದಾಗ ಮೆಡ್ಲೇರಿಗೆ ಹೋಗಿ ಒಂದು ಕರೀ ಕಂಬಳಿ ತಂದ, ನಾ ಪಾರ್ಸೆಲ್ ಮಾಡಿದೆ. ಐದು ವಾರ ಆತು. ರುಂಬಕ್‌ಗೆ ಫೋನ್ ಹತ್ತವಲ್ದು, ಗೈಡ್ ಇನ್ಯಾವುದೋ ಕಣಿವ್ಯಾಗ ಅದಾನ. ಕಾಕಾ ದಿನಾ ಸಂಜಿಕೆ ಫೋನ್ ಮಾಡ್ತಾನ, “ಅಮ್ಮಾರಿಗೆ ಮುಟ್ಟಿತೇನಲೇ?”