ಎರಡು ಸಲ ಬೆಳಗಾದ ಬುಧವಾರ

ವಿಮಾನದ ಟಿಕೆಟ್ ನೋಡಿ ನಗು ಬಂತು. ಸಿಂಗಪುರದ ಚಾಂಗಿಯಿಂದ ಮಂಗಳವಾರ ರಾತ್ರಿ ಹನ್ನೊಂದೂವರೆಗೆ ಹೊರಟು, ಬುಧವಾರ ಬೆಳಗ್ಗೆ ಆರಕ್ಕೆಲ್ಲ ನ್ಯೂಯಾರ್ಕಿನ ಜೆಎಫ್‌ಕೆ. ಸುಮ್ನೆ ರಾತ್ರಿ ಬಸ್ಸು ಹತ್ತಿದ ಹಾಗೆ! ನಿಜ ಇದ್ದದ್ದು ಕೆಳಗೆ, ಸಣ್ಣ ಅಕ್ಷರದಲ್ಲಿ: 18 ಗಂಟೆ ಚಿಲ್ಲರೆ.

ಎರಡೂ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 15,350 ಕಿ.ಮೀ. ಭೂಮಿಯ ಅರ್ಧ ಸುತ್ತೇ 20,000 ಕಿ.ಮೀ. ಅಲ್ವಾ, ಇನ್ನೂ ದೂರ ಹೋಗೋಣ ಅಂದರೂ ಜಾಸ್ತಿ ಜಾಗ ಉಳಿದಿಲ್ಲ. ಗಂಟೆಗೆ 900 ಕಿ.ಮೀ. ಅಂತ ಭಾಗಿಸಿ ನೋಡಿದೆ, 17 ಗಂಟೆ ಬಂತು. ಮಿಕ್ಕ ಗಂಟೆ ಎಲ್ಲಿ ಹೋಯಿತು?

ಉತ್ತರ ಸಿಕ್ಕಿದ್ದು ಸೀಟಿನ ಎದುರಿನ ಪರದೆಯಲ್ಲಿ. ಗ್ಲೋಬ್ ಮೇಲೆ ಈ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದರೆ ಅದು ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ನಮ್ಮ ವಿಮಾನ ಆ ಕಡೆ ತಲೆಯೂ ಹಾಕಲಿಲ್ಲ. ಜಪಾನಿನ ಪಕ್ಕದಿಂದ ಪೆಸಿಫಿಕ್ ಕಡೆ ಹೊರಳಿತು. ದಾರಿ ಸಾವಿರ ಕಿ.ಮೀ.ಯಷ್ಟು ಹೆಚ್ಚಾದರೂ ಅಲ್ಲಿ ಬೆನ್ನಿಗೆ ಗಾಳಿ ಸಿಗುತ್ತದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್. ಅದರೊಳಗೆ ಹೊಕ್ಕ ಮೇಲೆ ಪರದೆಯ ವೇಗ 900 ದಾಟಿ ಮೆಲ್ಲಗೆ 1,050ಕ್ಕೆ ಏರಿತು. ಹೊರಗೆ ಮಾತ್ರ ಎಲ್ಲ ನಿಂತ ಹಾಗೇ ಇತ್ತು.

ಇದು ಏರ್‌ಬಸ್ ಎ350-900 ಯುಎಲ್‌ಆರ್, ಅತಿ ದೂರದ ಹಾರಾಟಕ್ಕೆಂದೇ ಮಾಡಿದ ವಿಮಾನ. ತುಂಬುವುದು 1,65,000 ಲೀಟರ್ ಇಂಧನ, ಕೂರಿಸುವುದು ಬರೀ 161 ಜನರನ್ನ. ಸಾಧಾರಣ ಎಕಾನಮಿ ಸೀಟೇ ಇಲ್ಲ. ದೂರ ಹೋಗಬೇಕಾದರೆ ಭಾರ ಇಳಿಸಲೇಬೇಕು.

ಪೆಸಿಫಿಕ್ ಮೇಲೆ ಬೆಳಗಾಯಿತು. ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಎತ್ತಿದೆ. ಬಿಳಿ ಬೆಳಕು ಚಾಕುವಿನ ಹಾಗೆ ಒಳಗೆ ಬಂತು, ಪಕ್ಕದವರು ಮುಖಕ್ಕೆ ಕಂಬಳಿ ಎಳೆದುಕೊಂಡರು. ಥಟ್ಟನೆ ಮುಚ್ಚಿದೆ. ಅದು ಬುಧವಾರದ ಬೆಳಗು. ಸ್ವಲ್ಪ ಹೊತ್ತಿಗೆ ದಿನಾಂಕ ರೇಖೆ ದಾಟಿದೆವು, ಪೂರ್ವಕ್ಕೆ ಹೋಗುವವರಿಗೆ ಅಲ್ಲಿ ತಾರೀಖು ಒಂದು ದಿನ ಹಿಂದೆ ಸರಿಯುತ್ತದೆ. ಮತ್ತೆ ಮಂಗಳವಾರ! ಅಮೆರಿಕಾ ಖಂಡದ ಮೇಲೆ ಗಿಡ್ಡ ರಾತ್ರಿಯೊಂದು ಬಂದು ಹೋಯಿತು. ಇಳಿಯುವ ಹೊತ್ತಿಗೆ ಎಡಗಡೆ ಮತ್ತೆ ಸೂರ್ಯ, ಮತ್ತೆ ಬುಧವಾರ. ಕಾಲು ಊದಿ ಶೂ ಹತ್ತಲಿಲ್ಲ. ಲೇಸ್ ಬಿಟ್ಟುಕೊಂಡೇ ಇಮಿಗ್ರೇಶನ್ ಸಾಲಿನಲ್ಲಿ ನಿಂತೆ.

ವಾಚ್ ಸರಿ ಮಾಡಲು ಕೈ ಎತ್ತಿದರೆ ಮುಳ್ಳುಗಳು ಸರಿಯಾಗೇ ಇದ್ದವು. ಬೇಸಿಗೆಯಲ್ಲಿ ಈ ಎರಡು ಊರುಗಳ ಗಡಿಯಾರದ ಅಂತರ ಸರಿಯಾಗಿ 12 ಗಂಟೆ. ಚಳಿಗಾಲಕ್ಕೆ ಅದು 13 ಆಗುತ್ತದೆ, ಆಗ ಈ ಸುಖ ಇಲ್ಲ.

ವಾಪಸ್ ಬರುವಾಗ ಬಂದ ದಾರಿಯಲ್ಲೇ ತಿರುಗುತ್ತೇವೆ ಅಂದುಕೊಂಡಿದ್ದೆ. ಆ ದಾರಿಯಲ್ಲಿ ಅದೇ ಗಾಳಿ ಎದುರಿಗೆ ನಿಲ್ಲುತ್ತದಲ್ಲ! ವಿಮಾನ ಅಟ್ಲಾಂಟಿಕ್ ಕಡೆ ಮೂಗು ಮಾಡಿತು. ಯುರೋಪ್ ದಾಟಿ ಇನ್ನೂ ಪೂರ್ವಕ್ಕೆ ಹೋಯಿತು. ಚಾಂಗಿಯಲ್ಲಿ ಇಳಿದಾಗಲೂ ವಾಚ್ ಮುಟ್ಟಿರಲಿಲ್ಲ, ಭೂಮಿಗೆ ಪೂರ್ತಿ ಒಂದು ಸುತ್ತು ಹಾಕಿದ್ದೆ.