ಗುಡ್ಡದ ದಾರಿಯಲ್ಲಿ ಎರಡು ಬಗೆಯ ಹಬ್‌ಗಳು

ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಗುವಲ್ಲಿ ಎರಡೂ ಗಾಡಿಗಳನ್ನು ನಿಲ್ಲಿಸಿದೆವು. ನನ್ನ ಹಳೆಯ ಜೀಪಿನ ಮುಂದಿನ ಚಕ್ರಗಳಲ್ಲಿ ಕೈಯಿಂದ ತಿರುಗಿಸುವ ಲಾಕಿಂಗ್ ಹಬ್‌ಗಳಿವೆ. ಚಕ್ರವನ್ನು ಆಕ್ಸಲ್ ಶಾಫ್ಟ್‌ಗೆ, ಅಂದರೆ ಅದನ್ನು ತಿರುಗಿಸುವ ದಂಡಕ್ಕೆ, ಕೂಡಿಸುವುದೂ ಬಿಡಿಸುವುದೂ ಈ ಹಬ್‌ನ ಕೆಲಸ. ಗೆಳೆಯನ ಗಾಡಿಯಲ್ಲಿರುವುದು ಹಳೆಯ ಮಾದರಿಯ ಆಟೋಮ್ಯಾಟಿಕ್ ಹಬ್. ಆತ ಕುಳಿತಲ್ಲಿಂದಲೇ ಲಿವರನ್ನು ಫೋರ್ ವೀಲ್‌ಗೆ ಎಳೆದು, "ಇಳಿಯುವ ರಗಳೆಯೇ ಇಲ್ಲ ನೋಡು" ಎಂದ. ನಾನು ಇಳಿದು, ಡಯಲ್‌ನ ಸಂದಿಯಲ್ಲಿ ಗಟ್ಟಿಯಾಗಿದ್ದ ಕೆಸರನ್ನು ಕಡ್ಡಿಯಿಂದ ಕೆರೆದು, ಗುರುತನ್ನು ಫ್ರೀಯಿಂದ ಲಾಕ್‌ಗೆ ತಿರುಗಿಸಿದೆ. ಡಯಲ್ ಬಿಗಿಯಾಗಿದ್ದರೆ ಇಕ್ಕಳ ಹಾಕಿ ತಿರುಚುವವರಿದ್ದಾರೆ. ಅದು ಡಯಲ್ ಮುರಿಯುವ ಕೆಲಸ. ಗಾಡಿಯನ್ನು ತುಸು ಹಿಂದೆಮುಂದೆ ಸರಿಸಿದರೆ ಹಲ್ಲುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಆಚೆ ಬದಿಯ ಚಕ್ರಕ್ಕೂ ಇದನ್ನೇ ಮಾಡಬೇಕು. ಒಂದೇ ಬದಿ ಲಾಕ್ ಆದರೆ, ಸಾಮಾನ್ಯ ಡಿಫರೆನ್ಷಿಯಲ್ (ಎರಡೂ ಬದಿಯ ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ) ಇರುವ ಗಾಡಿಯಲ್ಲಿ ಫ್ರೀ ಇರುವ ಕಡೆಯ ಶಾಫ್ಟ್ ಸುಮ್ಮನೆ ಸುತ್ತುತ್ತದೆಯೇ ಹೊರತು ಲಾಕ್ ಆದ ಚಕ್ರಕ್ಕೆ ಎಳೆತ ಸಿಗುವುದಿಲ್ಲ.

ಹಬ್ ಫ್ರೀ ಇದ್ದಾಗ ಚಕ್ರ ಮಾತ್ರ ಬೇರಿಂಗ್ ಮೇಲೆ ಉರುಳುತ್ತದೆ. ಮುಂದಿನ ಆಕ್ಸಲ್ ಶಾಫ್ಟ್, ಡಿಫರೆನ್ಷಿಯಲ್, ಅದಕ್ಕೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್‌ಗಳಿಗೆ ವೃಥಾ ಸುತ್ತುವ ಕೆಲಸ ತಪ್ಪುತ್ತದೆ. ಎರಡನೆಯ ಮಹಾಯುದ್ಧದ ನಂತರ ಉಳಿದ ಜೀಪುಗಳಿಗಾಗಿ ಅಮೆರಿಕದ ಆರ್ಥರ್ ವಾರ್ನ್ 1948ರಲ್ಲಿ ಇಂಥ ಹಬ್‌ಗಳ ತಯಾರಿಕೆಗೆ ಇಳಿದದ್ದು ಇದಕ್ಕಾಗಿಯೇ. ಇಂಧನದ ಉಳಿತಾಯ ಅಲ್ಪ. ನನಗೆ ಗೊತ್ತಾಗುವುದು ಸದ್ದು ಮತ್ತು ನಡುಕ ಕಡಿಮೆಯಾಗುವುದು.

ಒದ್ದೆ ಏರನ್ನು ಎರಡೂ ಗಾಡಿಗಳು ಸರಾಗವಾಗಿ ಹತ್ತಿದವು. ವ್ಯತ್ಯಾಸ ಕಂಡದ್ದು ಹಳ್ಳದ ಉರುಟು ಕಲ್ಲುಗಳ ನಡುವೆ ಗೆಳೆಯನ ಗಾಡಿ ಸಿಕ್ಕಿಕೊಂಡಾಗ. ಆತ ಅದನ್ನು ಮುಂದಕ್ಕೂ ಹಿಂದಕ್ಕೂ ತೂಗಿಸುತ್ತಿದ್ದ; ದಿಕ್ಕು ಬದಲಾದಾಗಲೆಲ್ಲ ಮುಂದಿನ ಚಕ್ರದೊಳಗಿಂದ "ಕಟಕ್" ಎಂಬ ಸದ್ದು ಬರುತ್ತಿತ್ತು. ಆ ಹಬ್‌ನಲ್ಲಿ ಶಾಫ್ಟ್ ತಿರುಗಿದಾಗ ಕ್ಯಾಮ್ ಎಂಬ ಏರುತಗ್ಗಿನ ಭಾಗ ಹಲ್ಲುಗಳಿರುವ ಉಂಗುರವನ್ನು ತಳ್ಳಿ ಹಬ್‌ಗೆ ಕೂಡಿಸುತ್ತದೆ. ದಿಕ್ಕು ಬದಲಾದರೆ ಕ್ಯಾಮ್ ಒಂದು ಕಡೆಯಿಂದ ಇಳಿದು ಮತ್ತೊಂದು ಕಡೆ ಏರಬೇಕು. ಆ ನಡುವೆ ಚಕ್ರ ಕ್ಷಣಕಾಲ ಬಿಡುಗಡೆಯಾಗಿ, ಮತ್ತೆ ಜರ್ಕ್ ಹೊಡೆದು ಹಿಡಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗನ್ನು (ಎಂಜಿನ್ನಿನ ತಡೆಯಿಂದಲೇ ವೇಗ ತಗ್ಗಿಸುವುದನ್ನು) ನಂಬಿದಾಗಲೂ ಇಂಥ ಕೆಲವು ಹಬ್‌ಗಳು ಕೈಕೊಡುವುದುಂಟು, ಏಕೆಂದರೆ ಅಲ್ಲಿ ಶಾಫ್ಟ್ ಚಕ್ರವನ್ನಲ್ಲ, ಚಕ್ರವೇ ಶಾಫ್ಟನ್ನು ತಿರುಗಿಸಲು ನೋಡುತ್ತಿರುತ್ತದೆ. ಅಂಥ ಇಳಿಜಾರಿನಲ್ಲಿ ನಾನು ಲೋ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿದೆ. ಆತನ ಕಾಲು ಬ್ರೇಕ್ ಪೆಡಲ್ ಬಿಡಲೇ ಇಲ್ಲ.

ಆಟೋಮ್ಯಾಟಿಕ್ ಎಂದರೆಲ್ಲ ಹೀಗೆಯೇ ಎಂದಲ್ಲ. 1998ರಲ್ಲಿ ಬಂದ ಪೀಳಿಗೆಯ ಸುಜುಕಿ ಜಿಮ್ನಿಯಂಥ ಗಾಡಿಗಳಲ್ಲಿ ಹಬ್ ಕೂಡುವುದು ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಹೀರುವ) ಬಲದಿಂದ. ದಿಕ್ಕಿನ ತಕರಾರು ಅಲ್ಲಿಲ್ಲ. ಆದರೆ ರಬ್ಬರ್ ಕೊಳವೆ ಬಿರುಕು ಬಿಟ್ಟರೆ ಅಥವಾ ಸೀಲ್ ಸೋರಿದರೆ ಹಬ್ ಕೂಡುವುದಿಲ್ಲ, ಮತ್ತು ಅದು ಗೊತ್ತಾಗುವುದು ಬಹುಪಾಲು ಕೆಸರಿನ ನಡುವೆಯೇ.

ಡಾಂಬರು ಮತ್ತೆ ಸಿಕ್ಕಾಗ ತಮಾಷೆ ಎಂಬಂತೆ ಇಳಿಯದೆ ಸಾಗಿದವನು ನಾನು. ಲಿವರನ್ನು ಟೂ ವೀಲ್‌ಗೆ ಹಾಕಿದ ಮೇಲೆ ಹಬ್ ಲಾಕ್ ಆಗಿಯೇ ಇದ್ದರೂ ಗಾಡಿಗೆ ಹಾನಿಯಿಲ್ಲ. ಮುಂದಿನ ನಿಲುಗಡೆಯಲ್ಲಿ ಫ್ರೀ ಮಾಡಿದರಾಯಿತು. ಆತ ಮಾತ್ರ ಹಬ್ ಬಿಡಿಸಲು ರಸ್ತೆಬದಿಯಲ್ಲಿ ಗಾಡಿಯನ್ನು ನೆಟ್ಟಗೆ ರಿವರ್ಸ್ ತೆಗೆದುಕೊಳ್ಳಬೇಕಾಯಿತು. ಮ್ಯಾನ್ಯುಯಲ್ ಹಬ್ ಹಾಕಿಸಿಕೊಳ್ಳಬಹುದೇ ಎಂದು ದಾರಿಯಲ್ಲಿ ವಿಚಾರಿಸಿದ. ಹಾಕಿಸಬಹುದು, ಆದರೆ ಕೆಲವು ಗಾಡಿಗಳಲ್ಲಿ ಹಬ್‌ನೊಂದಿಗೆ ಬೇರಿಂಗ್ ಹಿಡಿದಿಡುವ ನಟ್‌ಗಳನ್ನೂ ಬದಲಿಸಬೇಕಾಗುತ್ತದೆ, ಕೊಳ್ಳುವ ಮೊದಲು ಅದನ್ನು ಖಚಿತಪಡಿಸಿಕೋ ಎಂದೆ.